ಅರೌಂಡ್ ದ ಕಾರ್ನರ್: ಅರ್ಥ, ಬಳಕೆ, ಎಡವುವ ಜಾಗಗಳು – ಸಮಗ್ರ ಮಾರ್ಗದರ್ಶಿ

ಪರೀಕ್ಷೆ ಹತ್ತಿರ ಬಂತು. ಚುನಾವಣೆ ಬಂದೇಬಿಡ್ತು. ಇನ್ನೇನು ಚಳಿಗಾಲ ಶುರು. ನಾವು ದಿನಾ ಆಡುವ ಇಂಥ ಮಾತುಗಳಿಗೆ ಇಂಗ್ಲಿಷ್‌ನಲ್ಲಿ ಜನ ಥಟ್ಟನೆ ಬಳಸುವ ನುಡಿಗಟ್ಟು 'ಅರೌಂಡ್ ದ ಕಾರ್ನರ್'. ಪೇಪರ್, ಜಾಹೀರಾತು, ಆಫೀಸ್ ಮೇಲ್, ಸ್ನೇಹಿತರ ಮೆಸೇಜ್, ಎಲ್ಲಿ ನೋಡಿದರೂ ಸಿಗುತ್ತದೆ. ಓದಿದರೆ ಅರ್ಥವಾಗದವರು ಕಮ್ಮಿ. ಆದರೆ ಬರೆಯಲು ಕೂತಾಗ 'ಎಕ್ಸಾಮ್ ಈಸ್ ಇನ್ ದ ಕಾರ್ನರ್' ಅಂತಲೋ, 'ಐ ಆಮ್ ಅರೌಂಡ್ ದ ಕಾರ್ನರ್ ಆಫ್ ಮೈ ಎಕ್ಸಾಮ್' ಅಂತಲೋ ಬಂದುಬಿಡುತ್ತದೆ. ಅರ್ಥ ಗೊತ್ತಿರುವುದು ಬೇರೆ, ಅದನ್ನು ವಾಕ್ಯದಲ್ಲಿ ಎಲ್ಲಿ ಕೂರಿಸಬೇಕು ಅನ್ನೋದು ಗೊತ್ತಿರುವುದು ಬೇರೆ. ಇಲ್ಲಿ ನಾನು ಜಾಸ್ತಿ ಹೇಳುವುದು ಎರಡನೆಯದರ ಬಗ್ಗೆ.

ಮೊದಲ ಹೆಜ್ಜೆ: ಆ ತಿರುವನ್ನು ಕಣ್ಣಿಗೆ ತಂದುಕೊಳ್ಳಿ

ಇಲ್ಲಿ ಕಾರ್ನರ್ ಅಂದರೆ ಕೋಣೆಯ ಮೂಲೆ ಅಲ್ಲ, ರಸ್ತೆಯ ತಿರುವು. ನೀವು ನಡೆದುಕೊಂಡು ಹೋಗುತ್ತಿದ್ದೀರಿ, ಮುಂದೆ ರಸ್ತೆ ತಿರುಗುತ್ತದೆ, ತಿರುವಿನಲ್ಲೊಂದು ಕಟ್ಟಡ ಅಡ್ಡ ಇದೆ. ಆ ಕಟ್ಟಡದ ಆಚೆ ಇರುವುದು ನಿಮಗೆ ತುಂಬಾ ಹತ್ತಿರ, ನಾಲ್ಕು ಹೆಜ್ಜೆ ಅಷ್ಟೇ. ಆದರೆ ಇನ್ನೂ ಕಾಣುತ್ತಿಲ್ಲ.

ಹತ್ತಿರ ಇದೆ, ಆದರೆ ಕಾಣುತ್ತಿಲ್ಲ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡರೆ ಮುಂದಿನದೆಲ್ಲ ಸುಲಭ. ಹೆಚ್ಚಿನ ಪುಸ್ತಕಗಳು 'ಶೀಘ್ರದಲ್ಲೇ ಬರಲಿರುವ' ಅಂತ ಒಂದು ಸಾಲಿನ ಅರ್ಥ ಕೊಟ್ಟು ಮುಂದೆ ಹೋಗುತ್ತವೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಕಾಣದಿರುವ ಆ ಇನ್ನರ್ಧ ಕೈಬಿಟ್ಟುಹೋದರೆ, ಇದೇ ನುಡಿಗಟ್ಟು ಕೆಲವು ಕಡೆ ಯಾಕೆ ಭರವಸೆಯಂತೆಯೂ ಕೆಲವು ಕಡೆ ಯಾಕೆ ಆತಂಕದಂತೆಯೂ ಕೇಳುತ್ತದೆ ಅನ್ನೋದು ತಿಳಿಯುವುದಿಲ್ಲ.

ಇದರ ಪಕ್ಕದಲ್ಲಿ 'ಆನ್ ದ ಹೊರೈಜನ್' ಇಟ್ಟು ನೋಡಿ. ಹೊರೈಜನ್ ಅಂದರೆ ಬಾನಂಚು. ಅಲ್ಲಿರುವುದು ಕಾಣುತ್ತದೆ, ಆದರೆ ದೂರ. ಅಂದರೆ ಎರಡೂ ತದ್ವಿರುದ್ಧ. ಒಂದು ಕಂಪನಿ ಮೂರು ವರ್ಷದ ನಂತರ ತರಲಿರುವ ಬದಲಾವಣೆ 'ಆನ್ ದ ಹೊರೈಜನ್', ಮುಂದಿನ ವಾರ ತರುವುದು 'ಅರೌಂಡ್ ದ ಕಾರ್ನರ್'. ಇವೆರಡನ್ನು ಅದಲುಬದಲು ಮಾಡಿದರೆ ಓದುವವರಿಗೆ ಹೋಗುವ ಸುದ್ದಿಯೇ ಬೇರೆಯಾಗುತ್ತದೆ.

ಎರಡನೇ ಹೆಜ್ಜೆ: ಜಾಗದ ಮಾತೋ, ಕಾಲದ ಮಾತೋ

'ದ ಬ್ಯಾಂಕ್ ಈಸ್ ಅರೌಂಡ್ ದ ಕಾರ್ನರ್' ಅಂದರೆ ಬ್ಯಾಂಕ್ ಆ ತಿರುವಿನ ಆಚೆ ಇದೆ, ಅಷ್ಟೇ. ಕಾಲದ ಮಾತೇ ಇಲ್ಲ. 'ಸ್ಪ್ರಿಂಗ್ ಈಸ್ ಅರೌಂಡ್ ದ ಕಾರ್ನರ್' ಅಂದರೆ ವಸಂತ ಬರುವ ಹೊತ್ತಾಯಿತು. ಪತ್ತೆ ಹಚ್ಚುವುದು ಸುಲಭ. ವಾಕ್ಯದ ಕರ್ತೃ ಒಂದು ಜಾಗವಾದರೆ ಅದು ದಾರಿ ಹೇಳುವ ಮಾತು. ಒಂದು ಘಟನೆ, ಋತು, ದಿನ ಅಥವಾ ಪರಿಸ್ಥಿತಿಯಾದರೆ ನುಡಿಗಟ್ಟು.

ಕರ್ತೃ ಮನುಷ್ಯನಾದರೆ? 'ಐ ಆಮ್ ಜಸ್ಟ್ ಅರೌಂಡ್ ದ ಕಾರ್ನರ್' ಅಂತ ಫೋನಿನಲ್ಲಿ ಹೇಳಿದರೆ, ಇಲ್ಲೇ ಹತ್ತಿರ ಇದ್ದೀನಿ, ಬಂದೆ ಅಂತ ಅರ್ಥ. ಅದೂ ಜಾಗದ ಮಾತೇ. ಮನುಷ್ಯರು ಕಾಲದ ಅರ್ಥದಲ್ಲಿ 'ಅರೌಂಡ್ ದ ಕಾರ್ನರ್' ಇರುವುದಿಲ್ಲ, ಅವರ ಮದುವೆ ಇರುತ್ತದೆ, ಪರೀಕ್ಷೆ ಇರುತ್ತದೆ, ನಿವೃತ್ತಿ ಇರುತ್ತದೆ. ನಾನು ನೋಡಿದ ಮಟ್ಟಿಗೆ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. 'ನಾನು ಪರೀಕ್ಷೆಯ ಹೊಸ್ತಿಲಲ್ಲಿದ್ದೇನೆ' ಅಂತ ಕನ್ನಡದಲ್ಲಿ ಚೆನ್ನಾಗಿಯೇ ಇರುತ್ತದೆ. ಅದನ್ನೇ ಎತ್ತಿ 'ಅರೌಂಡ್ ದ ಕಾರ್ನರ್' ಒಳಗೆ ತುರುಕಲು ಹೋದರೆ ವಾಕ್ಯ ನಿಲ್ಲುವುದಿಲ್ಲ.

ಮೂರನೇ ಹೆಜ್ಜೆ: ವಾಕ್ಯ ಕಟ್ಟುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅತಿ ಸರಳವಾದ ಕಟ್ಟು ಹೀಗಿದೆ: ಬರಲಿರುವ ಸಂಗತಿ, ಅದರ ಹಿಂದೆ 'ಈಸ್' ಅಥವಾ 'ಆರ್', ಆಮೇಲೆ 'ಅರೌಂಡ್ ದ ಕಾರ್ನರ್'. 'ದ ಎಲೆಕ್ಷನ್ ಈಸ್ ಅರೌಂಡ್ ದ ಕಾರ್ನರ್.' 'ದ ಹಾಲಿಡೇಸ್ ಆರ್ ಅರೌಂಡ್ ದ ಕಾರ್ನರ್.' ಇದಕ್ಕೆ 'ಜಸ್ಟ್' ಸೇರಿಸಿದರೆ ಇನ್ನೂ ಹತ್ತಿರ ಎಂಬ ಭಾವ ಬರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಇಂಗ್ಲಿಷ್ ಮಾತಾಡುವವರು 'ಜಸ್ಟ್' ಸೇರಿಸಿಯೇ ಹೇಳುವುದು ಜಾಸ್ತಿ. ಅಮೆರಿಕದವರು 'ರೈಟ್ ಅರೌಂಡ್ ದ ಕಾರ್ನರ್' ಅಂತಲೂ ಹೇಳುತ್ತಾರೆ. ಬ್ರಿಟನ್ನಿನಲ್ಲಿ 'ಅರೌಂಡ್' ಬದಲು 'ರೌಂಡ್ ದ ಕಾರ್ನರ್' ತುಂಬಾ ಸಾಮಾನ್ಯ. ಎರಡೂ ಸರಿ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಸಾಕು.

'ದ' ಬಿಡುವ ಹಾಗಿಲ್ಲ. 'ಅರೌಂಡ್ ಕಾರ್ನರ್' ತಪ್ಪು. 'ಕಾರ್ನರ್ಸ್' ಅಂತ ಬಹುವಚನ ಮಾಡುವ ಹಾಗಿಲ್ಲ, ಬರುವ ಸಂಗತಿಗಳು ಹತ್ತಿದ್ದರೂ ತಿರುವು ಒಂದೇ. 'ಇನ್ ದ ಕಾರ್ನರ್' ಅಂದರೆ ಕೋಣೆಯ ಮೂಲೆಯಲ್ಲಿ. 'ಆನ್ ದ ಕಾರ್ನರ್', 'ಅಟ್ ದ ಕಾರ್ನರ್' ಅಂದರೆ ರಸ್ತೆ ಕೂಡುವ ಜಾಗದಲ್ಲಿ. 'ಎಕ್ಸಾಮ್ಸ್ ಆರ್ ಇನ್ ದ ಕಾರ್ನರ್' ಅಂತ ಬರೆದರೆ ಪ್ರಶ್ನೆಪತ್ರಿಕೆಗಳು ಮೂಲೆಯಲ್ಲಿ ಬಿದ್ದಿವೆ ಎಂಬ ಅರ್ಥ ಬರುತ್ತದೆ. ಒಂದು ಚಿಕ್ಕ ಪದ, ಆದರೆ ಇಡೀ ಚಿತ್ರವನ್ನೇ ಬದಲಿಸುತ್ತದೆ.

ಪೇಪರ್ ಮತ್ತು ಮೇಲ್‌ಗಳಲ್ಲಿ ನೀವು ತುಂಬಾ ನೋಡುವ ಇನ್ನೊಂದು ಕಟ್ಟು 'ವಿತ್' ಇಂದ ಶುರುವಾಗುತ್ತದೆ. 'ವಿತ್ ಎಕ್ಸಾಮ್ಸ್ ಜಸ್ಟ್ ಅರೌಂಡ್ ದ ಕಾರ್ನರ್, ಸ್ಟೂಡೆಂಟ್ಸ್ ಆರ್ ಸ್ಟಡೀಯಿಂಗ್ ಲೇಟ್.' ಪರೀಕ್ಷೆ ಹತ್ತಿರ ಬಂದಿರುವುದರಿಂದ ಮಕ್ಕಳು ರಾತ್ರಿ ತಡವಾಗುವವರೆಗೂ ಓದುತ್ತಿದ್ದಾರೆ ಅಂತ. ಇಲ್ಲಿ 'ಆರ್' ಬರುವುದಿಲ್ಲ. 'ವಿತ್ ಎಕ್ಸಾಮ್ಸ್ ಆರ್ ಜಸ್ಟ್ ಅರೌಂಡ್ ದ ಕಾರ್ನರ್' ಅಂತ ಬರೆದರೆ ಕೆಟ್ಟುಹೋಯಿತು. ಈ ಕಟ್ಟು ಒಂದು ಕಲಿತರೂ ಸಾಕು, ನಿಮ್ಮ ಬರಹ ಒಂದು ಮೆಟ್ಟಿಲು ಮೇಲೇರುತ್ತದೆ, ಯಾಕೆಂದರೆ ಕಾರಣವನ್ನೂ ಪರಿಣಾಮವನ್ನೂ 'ಬಿಕಾಸ್' ಇಲ್ಲದೆ ಒಂದೇ ಉಸಿರಿನಲ್ಲಿ ಹೇಳಲು ಬರುತ್ತದೆ.

ಹಿಂದೆ ನಡೆದದ್ದನ್ನು ಹೇಳುವಾಗ 'ಈಸ್' ಜಾಗದಲ್ಲಿ 'ವಾಸ್' ಹಾಕಿ: 'ವಿಂಟರ್ ವಾಸ್ ಅರೌಂಡ್ ದ ಕಾರ್ನರ್, ಸೋ ದೇ ರಿಪೇರ್ಡ್ ದ ರೂಫ್.' ಚಳಿಗಾಲ ಇನ್ನೇನು ಬರುವುದರಲ್ಲಿತ್ತು, ಅದಕ್ಕೇ ಸೂರು ರಿಪೇರಿ ಮಾಡಿಸಿದರು. 'ಈಸ್ ಬೀಯಿಂಗ್ ಅರೌಂಡ್' ಅಂತ ಎಂದೂ ಬರೆಯಬೇಡಿ. ನಾಮಪದದ ಮುಂದೆ ವಿಶೇಷಣದ ಹಾಗೆ ಇಡುವುದೂ ಬೇಡ. 'ಅರೌಂಡ್ ದ ಕಾರ್ನರ್ ಎಕ್ಸಾಮ್ಸ್' ಅನ್ನುವ ಬದಲು ಸುಮ್ನೆ 'ಅಪ್‌ಕಮಿಂಗ್ ಎಕ್ಸಾಮ್ಸ್' ಅನ್ನಿ. 'ಅಪ್‌ಕಮಿಂಗ್' ಬೇರೆ, 'ಅಪ್ ಅಂಡ್ ಕಮಿಂಗ್' ಬೇರೆ ಅನ್ನೋದು ನೆನಪಿರಲಿ. ಎರಡನೆಯದು ಬೆಳೆಯುತ್ತಿರುವ, ಹೆಸರು ಮಾಡುತ್ತಿರುವ ಕಲಾವಿದರಂಥವರಿಗೆ ಹೇಳುವ ಮಾತು.

ಪ್ರಶ್ನೆಗೂ ನಿಷೇಧಕ್ಕೂ ತೊಂದರೆ ಇಲ್ಲ. 'ಎ ಕ್ಯೂರ್ ಈಸ್ ನಾಟ್ ಅರೌಂಡ್ ದ ಕಾರ್ನರ್' ಅಂತ ರೋಗಗಳ ಬಗ್ಗೆ ಬರೆಯುವವರು ಬರೆಯುತ್ತಾರೆ. ಔಷಧ ಸದ್ಯಕ್ಕೆ ಸಿಗುವ ಹಾಗೆ ಕಾಣುವುದಿಲ್ಲ, ಕಾಯಬೇಕು ಅಂತ.

ಹೇಳುವಾಗ ಒತ್ತು 'ಕಾರ್ನರ್' ಪದದ ಮೊದಲ ಭಾಗದ ಮೇಲೆ ಬೀಳಲಿ. 'ಅರೌಂಡ್ ದ' ಬೇಗ ಜಾರಿಹೋಗುತ್ತದೆ.

ನಾಲ್ಕನೇ ಹೆಜ್ಜೆ: ಹತ್ತಿರ ಅಂದರೆ ಎಷ್ಟು ಹತ್ತಿರ?

ಇದಕ್ಕೆ ಗಡಿಯಾರದ ಲೆಕ್ಕ ಇಲ್ಲ. ಪರೀಕ್ಷೆಗಾದರೆ ಒಂದೆರಡು ವಾರ. ಮದುವೆಗೆ ಒಂದು ತಿಂಗಳಿದ್ದರೂ ನಡೆಯುತ್ತದೆ, ಅಷ್ಟೊಂದು ತಯಾರಿ ಇರುತ್ತದಲ್ವಾ. ಋತುವಿಗೆ ಕೆಲವು ವಾರ. ವಿಜ್ಞಾನದ ಹೊಸ ಆವಿಷ್ಕಾರದ ಬಗ್ಗೆಯಾದರೆ ಕೆಲವು ವರ್ಷಗಳನ್ನೂ ಜನ ಹೀಗೆ ಕರೆಯುತ್ತಾರೆ. ಇನ್ನು ಐದು ನಿಮಿಷದಲ್ಲಿ ಆಗುವುದಕ್ಕೆ ಮಾತ್ರ ಇದನ್ನು ಬಳಸುವುದಿಲ್ಲ. ಅದಕ್ಕೆ 'ಎನಿ ಮಿನಿಟ್ ನೌ' ಇದೆ, 'ಅಬೌಟ್ ಟು' ಇದೆ.

ಈ ಸಡಿಲತೆಯೇ ಇದರ ಅನುಕೂಲ, ಅಪಾಯವೂ ಅದೇ. ದಿನಾಂಕ ಹೇಳದೆ ಭರವಸೆ ಮಾತ್ರ ಕೊಡಬೇಕಾದವರಿಗೆ ಇದು ಬಲು ಸುಲಭವಾಗಿ ಒದಗುತ್ತದೆ. 1929ರ ಅಕ್ಟೋಬರ್‌ನಲ್ಲಿ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಕುಸಿತ ಶುರುವಾಯಿತು. ಆಗ ಅಧ್ಯಕ್ಷರಾಗಿದ್ದವರು ಹರ್ಬರ್ಟ್ ಹೂವರ್. 'ಪ್ರಾಸ್ಪೆರಿಟಿ ಈಸ್ ಜಸ್ಟ್ ಅರೌಂಡ್ ದ ಕಾರ್ನರ್', ಅಂದರೆ ಒಳ್ಳೆಯ ದಿನಗಳು ಇನ್ನೇನು ಬಂದವು, ಎಂಬ ಮಾತು ಅವರ ಹೆಸರಿಗೆ ಅಂಟಿಕೊಂಡಿತು. ಅವರು ಇದೇ ಪದಗಳಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ, ಆದರೆ ಕೆಟ್ಟ ಕಾಲ ದಾಟಿತು ಎಂಬರ್ಥದ ಭರವಸೆಗಳನ್ನು ಅವರು ಕೊಟ್ಟಿದ್ದರು. ತಿರುವಿನ ಆಚೆ ಇದ್ದದ್ದು ಇನ್ನೂ ಕೆಟ್ಟ ಕಾಲ. 1932ರ ಚುನಾವಣೆಯಲ್ಲಿ ಹೂವರ್ ಅವರು ಫ್ರಾಂಕ್ಲಿನ್ ರೂಸ್‌ವೆಲ್ಟ್ ಎದುರು ಸೋತರು. 1933ರಲ್ಲಿ ಆ ದೇಶದ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸ ಇರಲಿಲ್ಲ. ಹಸಿದವರ ಮುಂದೆ ಆಡಿದ ಇಂಥ ಮಾತು ಎಷ್ಟು ಕಹಿಯಾಗಿ ಉಳಿಯುತ್ತದೆ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಆದ್ದರಿಂದ ಯಾರದೋ ಸಂಬಳ, ಚಿಕಿತ್ಸೆ, ಕೆಲಸದ ಬಗ್ಗೆ ಬರೆಯುವಾಗ ಈ ನುಡಿಗಟ್ಟನ್ನು ದೂರ ಇಡಿ ಅಂತಲೇ ನಾನು ಹೇಳುವುದು. ಅಲ್ಲಿ ದಿನಾಂಕ ಹೇಳಿ. ದಿನಾಂಕ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳಿ.

ಐದನೇ ಹೆಜ್ಜೆ: ಅದೇ ಪದಗಳ ಇನ್ನೊಂದು ಬಳಕೆ

'ಯೂ ನೆವರ್ ನೋ ವಾಟ್ಸ್ ಅರೌಂಡ್ ದ ಕಾರ್ನರ್.' ಮುಂದೆ ಏನು ಕಾದಿದೆಯೋ ಯಾರಿಗೆ ಗೊತ್ತು. ಇಲ್ಲಿ ನಿರ್ದಿಷ್ಟವಾದ ಘಟನೆ ಯಾವುದೂ ಇಲ್ಲ. ಹತ್ತಿರ ಎಂಬುದು ಹಿಂದಕ್ಕೆ ಸರಿದು, ಕಾಣದು ಎಂಬುದು ಮುಂದಕ್ಕೆ ಬಂದಿದೆ. ವಿಮೆ ಮಾಡಿಸಿ ಅನ್ನುವಾಗಲೂ ಇದನ್ನು ಹೇಳುತ್ತಾರೆ, ಕೆಲಸ ಕಳೆದುಕೊಂಡವರಿಗೆ ಧೈರ್ಯ ತುಂಬುವಾಗಲೂ ಹೇಳುತ್ತಾರೆ. ಒಳ್ಳೆಯದೋ ಕೆಟ್ಟದ್ದೋ ಅನ್ನೋದನ್ನು ಹೇಳುವ ದನಿ, ಸಂದರ್ಭ ತೀರ್ಮಾನಿಸುತ್ತವೆ. ಮೊದಲ ಹೆಜ್ಜೆಯಲ್ಲಿ ಕಟ್ಟಡ ಅಡ್ಡ ಇದೆ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಆರನೇ ಹೆಜ್ಜೆ: ಬಂಧುಬಳಗದ ಪರಿಚಯ

ಹತ್ತಿರ ಬಂದದ್ದನ್ನು ಹೇಳಲು ಇಂಗ್ಲಿಷ್‌ನಲ್ಲಿ ಇನ್ನೂ ಹಲವು ದಾರಿಗಳಿವೆ. ಅವೆಲ್ಲ ಒಂದೇ ಅಂದುಕೊಂಡು ಬಳಸಿದರೆ ಕೆಡುತ್ತದೆ. ಇವುಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಒಂದಿದೆ, ಅದನ್ನು ಚೆನ್ನಾಗಿ ಹಿಡಿದುಕೊಳ್ಳಿ.

'ವಾರ್ ಈಸ್ ಅರೌಂಡ್ ದ ಕಾರ್ನರ್.' ಇಲ್ಲಿ ಕರ್ತೃ ಯುದ್ಧ. ಅದು ನಮ್ಮ ಕಡೆ ಬರುತ್ತಿದೆ. 'ದ ಕಂಟ್ರಿ ಈಸ್ ಆನ್ ದ ಬ್ರಿಂಕ್ ಆಫ್ ವಾರ್.' ಇಲ್ಲಿ ಕರ್ತೃ ದೇಶ. ಅದು ಅಂಚಿನಲ್ಲಿ ನಿಂತಿದೆ, ಒಂದು ಹೆಜ್ಜೆ ಇಟ್ಟರೆ ಬಿತ್ತು. ಸುದ್ದಿ ಒಂದೇ, ಆದರೆ ಚಲನೆ ತಿರುಗುಮುರುಗು. 'ಕಾರ್ನರ್' ಬಂದರೆ ಘಟನೆ ಕರ್ತೃ. 'ವರ್ಜ್', 'ಬ್ರಿಂಕ್', 'ಕಸ್ಪ್' ಬಂದರೆ ಆ ಘಟನೆಗೆ ಸಿಲುಕುವವರು ಕರ್ತೃ. ಮೇಲೆ ಹೇಳಿದ 'ಪರೀಕ್ಷೆಯ ಹೊಸ್ತಿಲಲ್ಲಿದ್ದೇನೆ' ಅನ್ನುವ ಮಾದರಿಯ ಕನ್ನಡಕ್ಕೆ ಹತ್ತಿರದ್ದು ಈ ಎರಡನೇ ಗುಂಪು.

ಆ ಮೂರರಲ್ಲೂ ಬಣ್ಣ ಬೇರೆ ಬೇರೆ. 'ಆನ್ ದ ವರ್ಜ್ ಆಫ್' ಒಳ್ಳೆಯದಕ್ಕೂ ಆಗುತ್ತದೆ, ಕೆಟ್ಟದ್ದಕ್ಕೂ ಆಗುತ್ತದೆ. 'ಶಿ ವಾಸ್ ಆನ್ ದ ವರ್ಜ್ ಆಫ್ ಟಿಯರ್ಸ್', ಇನ್ನೇನು ಅತ್ತೇಬಿಡುತ್ತಿದ್ದಳು. 'ಆನ್ ದ ಬ್ರಿಂಕ್ ಆಫ್' ಹೆಚ್ಚಾಗಿ ಕೆಟ್ಟದ್ದಕ್ಕೆ: ದಿವಾಳಿ, ಯುದ್ಧ, ಅಳಿವು. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜಾನ್ ಫಾಸ್ಟರ್ ಡಲ್ಲಸ್ ಅವರು ಯುದ್ಧದ ಅಂಚಿನವರೆಗೂ ಹೋಗಲು ಹೆದರಬಾರದು ಎಂಬರ್ಥದ ಮಾತಾಡಿದ ಮೇಲೆ, 1956ರಲ್ಲಿ 'ಬ್ರಿಂಕ್‌ಮನ್‌ಶಿಪ್' ಎಂಬ ಪದ ಚಲಾವಣೆಗೆ ಬಂತು. ಆ ಪದದಲ್ಲಿರುವ 'ಬ್ರಿಂಕ್' ಇದೇ ಅಂಚು. 'ಆನ್ ದ ಕಸ್ಪ್ ಆಫ್' ಒಂದು ಘಟ್ಟದಿಂದ ಇನ್ನೊಂದಕ್ಕೆ ದಾಟುವಾಗ: ಹುಡುಗ ಯುವಕನಾಗುವ ವಯಸ್ಸು, ಒಂದು ತಂಡ ಗೆಲುವಿನ ಹತ್ತಿರ ಬಂದ ಗಳಿಗೆ. ಮೂರರ ಮುಂದೆಯೂ ನಾಮಪದ ಬರಬಹುದು, ಇಲ್ಲವೇ ಇಂಗ್ ಸೇರಿದ ಕ್ರಿಯಾಪದ ಬರಬಹುದು. 'ಆನ್ ದ ವರ್ಜ್ ಆಫ್ ಕ್ರೈಯಿಂಗ್' ಸರಿ, 'ಆನ್ ದ ವರ್ಜ್ ಟು ಕ್ರೈ' ತಪ್ಪು.

'ಅಬೌಟ್ ಟು' ಇದಕ್ಕೆ ಉಲ್ಟಾ, ಅದರ ಮುಂದೆ ಬರಿಯ ಕ್ರಿಯಾಪದವೇ ಬೇಕು: 'ದ ಟ್ರೈನ್ ಈಸ್ ಅಬೌಟ್ ಟು ಲೀವ್.' ಇದು ತುಂಬಾ ಹತ್ತಿರದ ಮಾತು. ಟ್ರೈನ್ ಈಗಲೋ ಆಗಲೋ ಹೊರಡುತ್ತದೆ. ಒಂದು ಎಚ್ಚರಿಕೆ ಇದೆ. 'ನಾಟ್' ಸೇರಿದಾಗ ಇದರ ಅರ್ಥ ಬೇರೆಯೇ ಆಗಬಹುದು. 'ಐ ಆಮ್ ನಾಟ್ ಅಬೌಟ್ ಟು ಅಪಾಲಜೈಸ್' ಅಂದರೆ ಕ್ಷಮೆ ಕೇಳಲು ಇನ್ನೂ ಸಮಯ ಇದೆ ಅಂತ ಅಲ್ಲ, ನಾನು ಖಂಡಿತ ಕೇಳೋದಿಲ್ಲ ಅಂತ. ಗೊತ್ತಿಲ್ಲದೆ ಹೇಳಿದರೆ ಎದುರಿನವರಿಗೆ ಸಿಟ್ಟು ಬರುವುದು ಖಾತ್ರಿ.

'ಇನ್ ದ ಆಫಿಂಗ್' ಎಂಬುದು ಕಡಲಿಂದ ಬಂದ ಮಾತು. ದಡದಲ್ಲಿ ನಿಂತವರ ಕಣ್ಣಿಗೆ ಕಾಣುವ ದೂರದ ಕಡಲ ಭಾಗಕ್ಕೆ ನಾವಿಕರು ಆಫಿಂಗ್ ಅನ್ನುತ್ತಿದ್ದರು. ಅಲ್ಲಿ ಹಡಗು ಕಂಡರೆ ಇನ್ನು ಸ್ವಲ್ಪ ಹೊತ್ತಿಗೆ ಬಂದರಿಗೆ ಬರುತ್ತದೆ ಅಂತ ಲೆಕ್ಕ. ಈಗ ಇದನ್ನು ಒಪ್ಪಂದ, ಸಂಪುಟ ಬದಲಾವಣೆ, ಸಂಬಳ ಏರಿಕೆ ಇಂಥವಕ್ಕೆ ಪೇಪರಿನವರು ಬಳಸುತ್ತಾರೆ. ಮಾತಿನಲ್ಲಿ ಕಮ್ಮಿ.

'ಲೂಮಿಂಗ್' ಯಾವಾಗಲೂ ಭಾರ. ಮಬ್ಬಿನಲ್ಲಿ ದೊಡ್ಡದಾಗಿ ಎದ್ದು ನಿಂತ ಆಕಾರದ ಹಾಗೆ ಕಾಣುವುದಕ್ಕೆ ಈ ಪದ. ಡೆಡ್‌ಲೈನ್ ಲೂಮ್ ಆಗುತ್ತದೆ, ಮುಷ್ಕರ ಲೂಮ್ ಆಗುತ್ತದೆ. ಹುಟ್ಟುಹಬ್ಬ ಲೂಮ್ ಆಗುತ್ತದೆ ಅಂದರೆ ನಿಮಗೆ ಅದು ಬೇಡವಾಗಿದೆ ಅಂತ ಕೇಳುವವರು ತಿಳಿಯುತ್ತಾರೆ.

'ಇಮ್ಮಿನೆಂಟ್' ಮತ್ತು 'ಇಂಪೆಂಡಿಂಗ್' ಗಂಭೀರ ಪದಗಳು. ಎರಡೂ ಲ್ಯಾಟಿನ್ ಮೂಲದವು. ಮೊದಲನೆಯದರ ಬೇರಿನಲ್ಲಿ ಮೇಲಿಂದ ಬಾಗಿರುವುದು, ಎರಡನೆಯದರಲ್ಲಿ ತೂಗಾಡುವುದು. ನಮ್ಮ 'ತಲೆಯ ಮೇಲೆ ತೂಗುಗತ್ತಿ' ನೆನಪಿಗೆ ಬರುತ್ತದಲ್ವಾ. ಚಂಡಮಾರುತದ ಎಚ್ಚರಿಕೆ, ಕೋರ್ಟಿನ ಕಾಗದ, ಅಧಿಕೃತ ಪ್ರಕಟಣೆ, ಇಲ್ಲೆಲ್ಲ 'ಇಮ್ಮಿನೆಂಟ್' ಇರಲಿ, 'ಅರೌಂಡ್ ದ ಕಾರ್ನರ್' ಬೇಡ. ಇದನ್ನು 'ಎಮಿನೆಂಟ್' ಅಂತ ಬರೆದರೆ ಹೆಸರಾಂತ ಎಂಬ ಅರ್ಥ ಬಂದು ಚಂಡಮಾರುತಕ್ಕೆ ಸನ್ಮಾನ ಮಾಡಿದ ಹಾಗಾಗುತ್ತದೆ, ಕಾಗುಣಿತ ಒಮ್ಮೆ ನೋಡಿಕೊಳ್ಳಿ.

ಏಳನೇ ಹೆಜ್ಜೆ: ಮುಖ ಒಂದೇ, ಅರ್ಥ ಬೇರೆ

'ಕಾರ್ನರ್' ಕಂಡ ಕೂಡಲೇ ಹತ್ತಿರ ಅಂತ ತೀರ್ಮಾನಿಸಬೇಡಿ. 'ಟರ್ನ್ ದ ಕಾರ್ನರ್' ಅಂದರೆ ಕಷ್ಟದ ಘಟ್ಟ ದಾಟಿ ಚೇತರಿಸಿಕೊಳ್ಳುವುದು. ರೋಗಿ 'ಹ್ಯಾಸ್ ಟರ್ನ್ಡ್ ದ ಕಾರ್ನರ್' ಅಂತ ಡಾಕ್ಟರ್ ಹೇಳಿದರೆ ಗಂಡಾಂತರ ಕಳೆಯಿತು, ನಿಟ್ಟುಸಿರು ಬಿಡಿ. 'ಕಟ್ ಕಾರ್ನರ್ಸ್' ಅಂದರೆ ದುಡ್ಡೋ ಸಮಯವೋ ಉಳಿಸಲು ಮಾಡಬೇಕಾದ್ದನ್ನು ಬಿಟ್ಟು ಕೆಲಸ ಮುಗಿಸುವುದು. 'ಇನ್ ಎ ಟೈಟ್ ಕಾರ್ನರ್' ಅಂದರೆ ಇಕ್ಕಟ್ಟಿನಲ್ಲಿ. 'ಅರೌಂಡ್ ದ ಕ್ಲಾಕ್' ಕೇಳಲು ಹತ್ತಿರವಿದ್ದರೂ ಅದು ಹಗಲು ರಾತ್ರಿ, 24 ಗಂಟೆಯೂ ಎಂಬರ್ಥದ್ದು.

ಎಂಟನೇ ಹೆಜ್ಜೆ: ಕನ್ನಡಕ್ಕೆ ತರುವಾಗ

'ತಿರುವಿನ ಆಚೆ ಚುನಾವಣೆ ಇದೆ' ಅಂತ ಯಾರೂ ಮಾತಾಡುವುದಿಲ್ಲ, ಅನುವಾದದಲ್ಲೂ ಬೇಡ. ಕನ್ನಡದಲ್ಲಿ ಇದಕ್ಕೆ ಬೇಕಾದಷ್ಟು ಮಾತುಗಳಿವೆ, ಸಂದರ್ಭ ನೋಡಿ ಆರಿಸಿ. ಸುದ್ದಿ ಬರೆಯುವಾಗ 'ಚುನಾವಣೆ ಹೊಸ್ತಿಲಲ್ಲಿದೆ', 'ಚುನಾವಣೆ ಸಮೀಪಿಸಿದೆ'. ಮಾತಾಡುವಾಗ 'ಬಂದೇಬಿಡ್ತು', 'ಇನ್ನೇನು ಬಂತು'. ಒತ್ತಡ ಇದ್ದರೆ 'ಪರೀಕ್ಷೆ ತಲೆ ಮೇಲೆ ಬಂತು'. ಸಂಭ್ರಮ ಇದ್ದರೆ 'ಬಾಗಿಲಿಗೇ ಬಂತು'. ಇನ್ನು 'ಯೂ ನೆವರ್ ನೋ' ಬಳಕೆಗೆ 'ಯಾವ ಹೊತ್ತಿಗೆ ಏನು ಬರುತ್ತದೋ' ಅಥವಾ 'ಮುಂದೆ ಏನು ಕಾದಿದೆಯೋ' ಸಾಕು. 'ಅಬೌಟ್ ಟು' ಬಂದರೆ ನಮ್ಮ 'ಇನ್ನೇನು ಹೊರಡಬೇಕು, ಅಷ್ಟರಲ್ಲಿ' ಎಂಬ ಕಟ್ಟು ಅಚ್ಚುಕಟ್ಟಾಗಿ ಕೂರುತ್ತದೆ.

ಒಂಬತ್ತನೇ ಹೆಜ್ಜೆ: ಒಂದು ಮೇಲ್ ತಿದ್ದೋಣ

ಆಫೀಸಿನಲ್ಲಿ ಹೀಗೊಂದು ಮೇಲ್ ಬರುತ್ತದೆ ಅಂದುಕೊಳ್ಳಿ: 'ದ ಡೆಡ್‌ಲೈನ್ ಈಸ್ ಅರೌಂಡ್ ದ ಕಾರ್ನರ್. ಪ್ಲೀಸ್ ಸೆಂಡ್ ಯುವರ್ ರಿಪೋರ್ಟ್ಸ್.' ವ್ಯಾಕರಣ ಸರಿ ಇದೆ. ಆದರೆ ಓದಿದವರಲ್ಲಿ ಒಬ್ಬರು ನಾಳೆ ಕಳಿಸುತ್ತಾರೆ, ಇನ್ನೊಬ್ಬರು ಮುಂದಿನ ವಾರ ನೋಡೋಣ ಅನ್ನುತ್ತಾರೆ, ಮೂರನೆಯವರು ಯಾವಾಗ ಅಂತ ಕೇಳಿ ಇನ್ನೊಂದು ಮೇಲ್ ಹಾಕುತ್ತಾರೆ. ತಪ್ಪು ಅವರದ್ದಲ್ಲ. ನುಡಿಗಟ್ಟು ಆತುರವನ್ನು ಹೇಳಿತು, ದಿನವನ್ನು ಹೇಳಲಿಲ್ಲ.

ತಿದ್ದಿದ ಮೇಲೆ: 'ವಿತ್ ದ ಡೆಡ್‌ಲೈನ್ ಜಸ್ಟ್ ಅರೌಂಡ್ ದ ಕಾರ್ನರ್, ಪ್ಲೀಸ್ ಸೆಂಡ್ ಯುವರ್ ರಿಪೋರ್ಟ್ಸ್ ಬೈ ಫೈವ್ ಓ ಕ್ಲಾಕ್ ಆನ್ ಥರ್ಸ್‌ಡೇ.' ಮೊದಲ ಭಾಗ ಯಾಕೆ ಅವಸರ ಅಂತ ಹೇಳುತ್ತದೆ, ಎರಡನೇ ಭಾಗ ಯಾವಾಗ ಅಂತ ಹೇಳುತ್ತದೆ. ಸಮಯ, ದಿನ ಎರಡನ್ನೂ ಕೋರಿಕೆಯ ಜೊತೆ ಇಟ್ಟಿರುವುದನ್ನು ಗಮನಿಸಿ. 'ದ ಡೆಡ್‌ಲೈನ್ ಈಸ್ ಜಸ್ಟ್ ಅರೌಂಡ್ ದ ಕಾರ್ನರ್ ಆನ್ ಥರ್ಸ್‌ಡೇ' ಅಂತ ನುಡಿಗಟ್ಟಿನ ಬಾಲಕ್ಕೇ ದಿನವನ್ನು ಅಂಟಿಸಿದರೆ ಇಂಗ್ಲಿಷ್ ಕಿವಿಗೆ ಅಡ್ಡಡ್ಡ ಕೇಳುತ್ತದೆ.

ಕೊನೆಗೆ, ಅಭ್ಯಾಸ

ನಿಮ್ಮ ಬದುಕಿನಲ್ಲೇ ಸದ್ಯದಲ್ಲಿ ಬರಲಿರುವ ಐದು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪುಸ್ತಕದ ಉದಾಹರಣೆ ಬೇಡ, ನಿಮ್ಮದೇ ಆದರೆ ನೆನಪಿನಲ್ಲಿ ಉಳಿಯುತ್ತದೆ. ಪ್ರತಿಯೊಂದಕ್ಕೂ ಎರಡೆರಡು ವಾಕ್ಯ ಮಾಡಿ. ಒಂದರಲ್ಲಿ ಆ ಸಂಗತಿಯೇ ಕರ್ತೃ, ಇನ್ನೊಂದರಲ್ಲಿ ನೀವು ಕರ್ತೃ. ಮನೆ ಬದಲಾಯಿಸುವುದಿದ್ದರೆ ಹೀಗೆ: 'ದ ಮೂವ್ ಈಸ್ ಜಸ್ಟ್ ಅರೌಂಡ್ ದ ಕಾರ್ನರ್.' ಆಮೇಲೆ, 'ವಿ ಆರ್ ಅಬೌಟ್ ಟು ಮೂವ್.' ಎರಡನ್ನೂ ಜೋರಾಗಿ ಓದಿ. ಸಾಮಾನು ಕಟ್ಟಲು ಇನ್ನೂ ಎರಡು ವಾರ ಇದ್ದರೆ ಮೊದಲನೆಯದನ್ನು ಇಟ್ಟುಕೊಳ್ಳಿ, ಲಾರಿ ಬಾಗಿಲ ಮುಂದೆ ನಿಂತಿದ್ದರೆ ಎರಡನೆಯದನ್ನು.